ತಲೆ ಎರೆದುಕೊಳ್ಳುವ ಮುಂಚೆ ಇಷ್ಟು ಕೇಳಿ

ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆ ಯಾವ ಮನೆಗೆ ಹೋದರೂ ಹೆಣ್ಣುಮಕ್ಕಳದ್ದು ಒಂದೇ ತಕರಾರು: 'ಅತ್ತೀ, ಕೂದಲು ಭಾಳ ಉದುರಾಕತ್ತಾವ, ಯಾವ ಎಣ್ಣಿ ಹಚ್ಚಲಿ?' ಎಣ್ಣೆಯ ಮಾತು ಆಮೇಲೆ ಆಡೋಣ. ನೀವು ಉದುರಿದ್ದು ಅಂತ ಅಳುವುದರಲ್ಲಿ ಬಹಳಷ್ಟು ಉದುರಿದ್ದಲ್ಲ, ಮುರಿದದ್ದು. ಮುರಿಯುವುದಕ್ಕೆ ನಮ್ಮ ಸವಳು ನೀರೂ ಕಾರಣ, ನಮ್ಮ ಬಿಸಿಲೂ ಕಾರಣ. ಇವೆರಡಕ್ಕಿಂತ ದೊಡ್ಡ ಕಾರಣ ನಮ್ಮ ಅವಸರದ ಕೈ. ನಿಮಗೆ ಗೊತ್ತಿಲ್ಲ ಅಂತಲ್ಲ. ಗೊತ್ತಿದೆ, ಬೆಳಿಗ್ಗೆ ಎಂಟರ ಬಸ್ಸು ಹಿಡಿಯುವಾಗ ಮರೆತುಹೋಗುತ್ತದೆ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ.

• ಹಣಿಗೆಗೆ ಬಂದ ಕೂದಲನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣದಾದ ಬಿಳಿ ಗಂಟು ಕಂಡರೆ ಅದು ಬುಡದಿಂದ ಕಳಚಿಕೊಂಡದ್ದು. ಗಂಟಿಲ್ಲದೆ ಎರಡೂ ಕಡೆ ಬೋಳಾಗಿದ್ದು, ಉದ್ದವೂ ಗೇಣಿಗಿಂತ ಕಡಿಮೆಯಿದ್ದರೆ ಮುರಿದದ್ದು. ಕಳಚಿದ್ದರ ಜಾಗದಲ್ಲಿ ಸಾಮಾನ್ಯವಾಗಿ ಇನ್ನೊಂದು ಹುಟ್ಟುತ್ತದೆ. ಮುರಿದದ್ದು ನಮ್ಮ ಅಜಾಗರೂಕತೆಯ ಲೆಕ್ಕಕ್ಕೆ.

• ದಿನಕ್ಕೆ 50ರಿಂದ 100 ಕೂದಲು ಕಳಚುವುದು ಎಲ್ಲರಿಗೂ ಇದ್ದದ್ದೇ. ವಾರವೆಲ್ಲ ಹೆರಳು ಕಟ್ಟಿಕೊಂಡಿದ್ದು ಎರೆದುಕೊಳ್ಳುವ ದಿನ ಬಿಚ್ಚಿದರೆ ಅಷ್ಟೂ ದಿನದ್ದು ಒಟ್ಟಿಗೆ ಕೈಗೆ ಬರುತ್ತದೆ. ಬಚ್ಚಲಲ್ಲಿ ನಿಂತು ಗಾಬರಿಯಾಗಬೇಡಿ. ಚಿಂತೆಯಿಂದ ನಿದ್ದೆ ಕೆಟ್ಟರೆ ಕೂದಲಿಗೇನೂ ಲಾಭವಿಲ್ಲ.

• ತುದಿಗೂದಲನ್ನು ಮರ್ಯಾದೆಯಿಂದ ನೋಡಿಕೊಳ್ಳಿ. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರು. ಸೊಂಟದವರೆಗೆ ಹೆರಳು ಬಿಟ್ಟವರ ತುದಿಗೆ ಆರೇಳು ವರ್ಷ ವಯಸ್ಸಾಗಿರುತ್ತದೆ. ಮದುವೆಯಲ್ಲಿ ಉಟ್ಟ ಇಳಕಲ್ ಸೀರೆಯನ್ನು ಆರೇಳು ವರ್ಷದ ಮೇಲೆ ಕಲ್ಲಿಗೆ ಬಡಿದು ಒಗೆಯುತ್ತೀರಾ? ತುದಿಯನ್ನೂ ಹಾಗೇ ತಿಳಿಯಿರಿ.

ಈಗ ನೀರಿನ ಮಾತು. ನಮ್ಮ ಕಡೆ ಇದನ್ನು ಬಿಟ್ಟು ಕೂದಲಿನ ಮಾತೇ ಇಲ್ಲ.

• ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಲ್ಲಿಗೆ ಬರುವ ದಿನ ನೋಡಿಕೊಂಡು ತಲೆ ಎರೆದುಕೊಳ್ಳಿ. ಬೇಸಿಗೆಯಲ್ಲಿ ಕಾಲುವೆ ನಿಂತು ಬೋರಿನ ನೀರೇ ಗತಿಯಾದಾಗ ಕೂದಲು ಸೆಟೆದುಕೊಳ್ಳುವುದನ್ನು ನೀವೇ ನೋಡಿದ್ದೀರಿ. ಶಾಂಪೂ ಬದಲಿಸುತ್ತಾ ಹೋಗಬೇಡಿ, ಆಗ ಬದಲಾಗಿದ್ದು ನೀರು.

• ನೀರು ಕಾಯಿಸುವ ಹಂಡೆಯೊಳಗೆ ಒಮ್ಮೆ ಕೈಹಾಕಿ ಕೆರೆದು ನೋಡಿ. ಬಿಳಿ ಪೊರೆ ಉಗುರಿಗೆ ಬರುತ್ತದಲ್ಲ, ಅದೇ ಸುಣ್ಣ ನಿಮ್ಮ ಕೂದಲ ಮೇಲೂ ಕೂರುತ್ತದೆ. ಆದ್ದರಿಂದ ಬೋರಿನ ನೀರನ್ನು ರಾತ್ರಿಯೇ ಚೆನ್ನಾಗಿ ಕುದಿಸಿ ಮುಚ್ಚಿಡಿ, ಬೆಳಿಗ್ಗೆ ತಳ ಕದಡದಂತೆ ಮೇಲಿನದನ್ನು ಮಾತ್ರ ತೋಡಿಕೊಳ್ಳಿ. ಸುಣ್ಣದ ಒಂದಷ್ಟು ಪಾಲು ಹಂಡೆಯಲ್ಲೇ ಉಳಿಯುತ್ತದೆ.

• ಕೊನೆಯ ಎರಡು ಚೆಂಬು ಶುದ್ಧ ಕುಡಿಯುವ ನೀರಿನ ಘಟಕದ್ದು ಹಾಕಿಕೊಳ್ಳಿ. ಕೊಡಪೂರ್ತಿ ಸುರಿದುಕೊಳ್ಳಿ ಅಂದಿಲ್ಲ, ಎರಡೇ ಚೆಂಬು. ಕಾಸು ಕೊಟ್ಟು ತಂದ ನೀರು ಅದು, ದಂಡ ಮಾಡಬೇಡಿ. ಆ ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕೂದಲು ನುಣುಪಾಗುತ್ತದೆ. ನಾಲ್ಕು ಹನಿಗೆ ಒಳ್ಳೆಯದಾದರೆ ಒಂದು ಹಣ್ಣಿಗೆ ಇನ್ನೂ ಒಳ್ಳೆಯದು ಅಂತ ಇಡೀ ನಿಂಬೆಹಣ್ಣು ತಿಕ್ಕಬೇಡಿ, ನೆತ್ತಿ ಉರಿಯುತ್ತದೆ.

• ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿಯಿರಿ. ಮೊದಲ ಮಳೆ ಧೂಳು ತೊಳೆದುಕೊಂಡು ಹೋಗಲಿ, ಎರಡನೆಯದರಿಂದ ಕೊಡ ಇಡಿ. ಆ ನೀರಿಗೆ ಸೀಗೆಕಾಯಿ ಅರ್ಧ ಹಿಡಿ ಸಾಕು. ಬೋರಿನ ನೀರಿಗಾದರೆ ಒಂದು ಹಿಡಿ ಹಾಕಿದರೂ ಜಿಡ್ಡು ಬಿಡುವುದಿಲ್ಲ.

• ಬಟ್ಟೆ ಸೋಪನ್ನಂತೂ ತಲೆಗೆ ಮುಟ್ಟಿಸಬೇಡಿ. ಮೈ ಸೋಪೂ ಬೇಡ. ಸವಳು ನೀರಿಗೆ ಸೋಪು ಬಿದ್ದರೆ ನೊರೆ ಬಾರದೆ ಬೂದಿಬಣ್ಣದ ಮಡ್ಡಿ ಕಟ್ಟುತ್ತದೆ, ಅದು ಕೂದಲಿಗಂಟಿ ಸಿಕ್ಕಾಗುತ್ತದೆ. ಆಮೇಲೆ ಸಿಕ್ಕು ಬಿಡಿಸುವಾಗ ಮುರಿಯುವುದೇ ಹೆಚ್ಚು. ಅಂಥ ನೀರಿಗೆ ಒಂದು ಚೀಟಿ ಶಾಂಪೂವೇ ವಾಸಿ. ಹಳ್ಳಿಯ ಹೆಂಗಸರು ಶಾಂಪೂ ಬಳಸಬಾರದು ಅಂತ ಯಾರೂ ಬರೆದಿಟ್ಟಿಲ್ಲ.

• ಶಾಂಪೂ ಚೀಟಿಯನ್ನು ಹರಿದು ನೇರ ನೆತ್ತಿಗೆ ಸುರಿಯಬೇಡಿ. ಒಂದು ಚೆಂಬು ನೀರಿಗೆ ಕದಡಿ, ಬುಡಕ್ಕೆ ಬೆರಳ ತುದಿಯಿಂದ ತಿಕ್ಕಿ. ಹೆರಳಿಗೆ ಬೇರೆ ಹಾಕುವುದು ಬೇಕಿಲ್ಲ, ಮೇಲಿಂದ ಹರಿದ ನೊರೆಯೇ ಸಾಕು. ಒಂದೇ ಚೀಟಿಯಲ್ಲಿ ಅಕ್ಕತಂಗಿ ಇಬ್ಬರದೂ ಆಗುತ್ತದೆ.

• ಸೀಗೆಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ ಬಳಸಿ. ಗಿರಣಿಯಲ್ಲಿ ತರಿತರಿಯಾಗಿ ಬೀಸಿದ್ದು ಕೂದಲನ್ನೂ ಗೀರುತ್ತದೆ, ನೆತ್ತಿಯನ್ನೂ ಗೀರುತ್ತದೆ. ರಾತ್ರಿ ನೆನೆಹಾಕಿದ ನಾಲ್ಕು ಚಮಚ ಮೆಂತ್ಯೆಯನ್ನು ನುಣ್ಣಗೆ ರುಬ್ಬಿ ಸೇರಿಸಿದರೆ ಲೋಳೆ ಬಂದು ಕೂದಲು ಜಾರುತ್ತದೆ, ಸಿಕ್ಕು ಕಡಿಮೆ. ಅಂಟುವಾಳಕಾಯಿ ಹೆಚ್ಚಾಯಿತೋ, ಕೂದಲು ಒಣಗಿ ಕಡ್ಡಿಯಾಗುತ್ತದೆ.

• ಮೊಟ್ಟೆಯನ್ನು ತಲೆಗೆ ಬಳಿಯುವ ಬದಲು ಹೊಟ್ಟೆಗೆ ಹಾಕಿ. ಬಳಿದು ಬಿಸಿನೀರು ಹಾಕಿಕೊಂಡವರ ತಲೆಯಲ್ಲಿ ಬೆಂದ ಮೊಟ್ಟೆಯ ಚೂರು ಆರಿಸಲು ಮಧ್ಯಾಹ್ನವಾಗುತ್ತದೆ. 2021ರ ಡಿಸೆಂಬರಿನಿಂದ ನಮ್ಮ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದರಲ್ಲ, ಮೊಟ್ಟೆ ತಿನ್ನುವ ಮನೆಯವರು 'ನಮ್ಮ ಹುಡುಗಿಗೆ ಬೇಡ, ಬಾಳೆಹಣ್ಣೇ ಕೊಡ್ರಿ' ಅಂತ ಸುಮ್ಮನೆ ಬಿಟ್ಟುಕೊಡಬೇಡಿ. ಕೂದಲು ಆಗುವುದೇ ಅಂಥ ಪೌಷ್ಟಿಕಾಂಶದಿಂದ.

• ಸುಡುಸುಡು ನೀರು ತಲೆಗೆ ಬೇಡ. ದೀಪಾವಳಿಯ ಎಣ್ಣೆಸ್ನಾನಕ್ಕೂ ಮೊಣಕೈ ತಡೆಯುವಷ್ಟೇ ಬಿಸಿ ಇರಲಿ. ಬೆನ್ನಿಗೆ ಹಿತವಾದ ನೀರೆಲ್ಲ ನೆತ್ತಿಗೆ ಹಿತವಲ್ಲ.

ಎರೆದುಕೊಂಡ ಮೇಲಿನ ಒಂದು ತಾಸು ಇದೆಯಲ್ಲ, ಮುರಿಯುವ ಕೂದಲಲ್ಲಿ ಬಹಳಷ್ಟು ಆ ತಾಸಿನಲ್ಲೇ ಮುರಿಯುವುದು. ಒದ್ದೆ ಕೂದಲಿಗೆ ಬಲವಿಲ್ಲ, ಎಳೆದಷ್ಟೂ ಹಿಗ್ಗುತ್ತದೆ, ಆಮೇಲೆ ತಟ್ಟನೆ ಹರಿಯುತ್ತದೆ. ಈ ಭಾಗವನ್ನು ನಿಧಾನವಾಗಿ ಓದಿ.

• ಟವೆಲಿನಿಂದ ಗಸಗಸ ತಿಕ್ಕಬೇಡಿ. ಹಳೆಯ ಧೋತರವೋ ಮೆದುವಾದ ಹತ್ತಿ ಸೀರೆಯ ತುಂಡೋ ಇದ್ದರೆ ಅದರಲ್ಲಿ ಕೂದಲನ್ನು ಸುತ್ತಿ, ಹಿಂಡದೆ ಒತ್ತಿ. ಹೊಸ ಟವೆಲಿನ ಕುಣಿಕೆಗಳಿಗೆ ಕೂದಲು ಸಿಕ್ಕಿಕೊಳ್ಳುತ್ತದೆ. ಹಳೆಯ ಧೋತರವನ್ನು ಪಾತ್ರೆಯವನಿಗೆ ಹಾಕುವ ಮುಂಚೆ ಈ ಕೆಲಸಕ್ಕೊಂದು ತುಂಡು ಹರಿದಿಟ್ಟುಕೊಳ್ಳಿ.

• ತಲೆ ಬಗ್ಗಿಸಿ, ಟವೆಲು ಮಡಚಿ, ಫಟಫಟ ಹೊಡೆದು ನೀರು ಝಾಡಿಸುವವರು ಇನ್ನೂ ಇದ್ದಾರೆ. ನೋಡಲು ಚೆಂದ, ತುದಿಯೆಲ್ಲ ಸೀಳುತ್ತದೆ. ಬಿಟ್ಟುಬಿಡಿ.

• ನೆರಳಲ್ಲಿ, ಗಾಳಿಗೆ ಒಣಗಿಸಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಾಳಿಗೆಯ ಮೇಲೆ ಹಪ್ಪಳ ಒಣಗಲಿ, ನಿಮ್ಮ ತಲೆ ಬೇಡ.

• ಸಿಕ್ಕನ್ನು ಎರೆದುಕೊಳ್ಳುವ ಮುಂಚೆಯೇ, ಒಣಗಿದ ತಲೆಯಲ್ಲಿ, ಬಿಡಿಸಿಕೊಳ್ಳಿ. ನೀರು ಬಿದ್ದ ಮೇಲೆ ಸಣ್ಣ ಸಿಕ್ಕು ದೊಡ್ಡ ಗಂಟಾಗುತ್ತದೆ. ಎರೆದುಕೊಂಡ ಮೇಲೆ ಮುಕ್ಕಾಲು ಒಣಗುವವರೆಗೆ ಬೆರಳೇ ಹಣಿಗೆ.

• ಬಾಚುವುದು ತುದಿಯಿಂದ. ಎಲ್ಲರೂ ನೆತ್ತಿಗೆ ಹಣಿಗೆ ಊರಿ ಒಂದೇ ಎಳೆತಕ್ಕೆ ಕೆಳಗೆ ತರುತ್ತಾರೆ, ದಾರಿಯಲ್ಲಿದ್ದ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಸರಿದು ಒಂದೇ ಕಡೆ ಬಿಗಿಯುತ್ತವೆ. ಹೀಗೆ ಮಾಡಿ: ಎಡಗೈಯಲ್ಲಿ ಕೂದಲನ್ನು ತುದಿಯಿಂದ ಒಂದು ಗೇಣು ಮೇಲೆ ಬಿಗಿಯಾಗಿ ಹಿಡಿಯಿರಿ, ಅದರ ಕೆಳಗಿನದನ್ನು ಮಾತ್ರ ಬಾಚಿ. ಅದು ಹಗುರಾದ ಮೇಲೆ ಹಿಡಿತವನ್ನು ಇನ್ನೊಂದು ಗೇಣು ಮೇಲಕ್ಕೆ ಒಯ್ಯಿರಿ. ಎಳೆತ ಕೈಗೆ ಬೀಳುತ್ತದೆ, ಬುಡಕ್ಕೆ ಬೀಳುವುದಿಲ್ಲ. ಮಗಳ ತಲೆ ಬಾಚುವಾಗ ಹೀಗೆ ಮಾಡಿದರೆ ಅವಳು ಅಳುವುದಿಲ್ಲ, ನೀವು ಬೈಯುವುದೂ ತಪ್ಪುತ್ತದೆ.

• ಸಂತೆಯಲ್ಲೋ ಜಾತ್ರೆಯಲ್ಲೋ ಹಣಿಗೆ ಕೊಳ್ಳುವಾಗ ಹಲ್ಲಿನ ಸಂದಿಯಲ್ಲಿ ಉಗುರು ಆಡಿಸಿ ನೋಡಿ. ಅಗ್ಗದ ಪ್ಲಾಸ್ಟಿಕ್ ಹಣಿಗೆಯಲ್ಲಿ ಅಚ್ಚಿನಿಂದ ತೆಗೆದ ಗೆರೆ ಹರಿತವಾಗಿ ಉಳಿದಿರುತ್ತದೆ. ಆ ಗೆರೆ ದಿನಾ ಕೂದಲನ್ನು ಕೆರೆಯುತ್ತದೆ. ಸೋಮಲಾಪುರದ ಅಂಬಾದೇವಿ ಜಾತ್ರೆಯ ಬಳೆಯಂಗಡಿಗಳಲ್ಲಿ ಹತ್ತು ಹಣಿಗೆ ಮುಟ್ಟಿ ನೋಡಿ ಒಂದನ್ನು ಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಅಗಲ ಹಲ್ಲಿನದೊಂದು, ಕಟ್ಟಿಗೆಯದಾದರೆ ಇನ್ನೂ ಒಳ್ಳೆಯದು.

• ಹಲ್ಲು ಮುರಿದ ಹಣಿಗೆಯನ್ನು ಎಸೆಯಿರಿ. ನಮ್ಮ ಮನೆಗಳಲ್ಲಿ ಎರಡು ಹಲ್ಲು ಉಳಿಯುವವರೆಗೂ ಕನ್ನಡಿಯ ಹಿಂದೆ ಇಟ್ಟುಕೊಳ್ಳುತ್ತೇವೆ. ಇದು ಉಳಿತಾಯವಲ್ಲ. ಇರುವ ಹಣಿಗೆಯನ್ನು ವಾರಕ್ಕೊಮ್ಮೆ ಬಿಸಿ ಶಾಂಪೂ ನೀರಿನಲ್ಲಿ ನೆನೆಸಿ, ಹಳೆಯ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ.

ಇಲ್ಲೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಕೂದಲು ವಾರಗಟ್ಟಲೆ ಬಾಚದೆ, ಎಣ್ಣೆ-ಧೂಳು ಸೇರಿ ಗಂಟುಕಟ್ಟಿ ಹಗ್ಗದಂತಾದರೆ ನಮ್ಮ ಕಡೆ 'ಜಡಿ ಬಂತು' ಅನ್ನುತ್ತಾರೆ. ಎಲ್ಲಮ್ಮ ಕರೆದಳು, ಕತ್ತರಿಸಿದರೆ ಕೇಡು, ಹುಡುಗಿಯನ್ನು ದೇವಿಗೆ ಬಿಡಬೇಕು ಅಂತ ಎಷ್ಟು ಮಕ್ಕಳ ಬಾಳು ಹಾಳಾಯಿತು. ದೇವದಾಸಿ ಬಿಡುವುದನ್ನು ಕರ್ನಾಟಕದಲ್ಲಿ 1982ರ ಕಾಯ್ದೆಯೇ ನಿಷೇಧಿಸಿತು. ಆದರೂ ಜಡಿಯ ಭಯ ಇನ್ನೂ ಪೂರ್ತಿ ಹೋಗಿಲ್ಲ.

• ಜಡಿ ಕಟ್ಟುವುದು ಸಿಕ್ಕಿನಿಂದ. ಶುರುವಿನಲ್ಲೇ ಆದರೆ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಾಕಿ, ಒಂದು ರಾತ್ರಿ ಬಿಟ್ಟು, ಗಂಟನ್ನು ಬೆರಳಿನಿಂದ ಎಳೆಎಳೆಯಾಗಿ ಹೊರಗಿನಿಂದ ಒಳಕ್ಕೆ ಬಿಡಿಸಿ. ಎರಡು ದಿನ ಹಿಡಿದರೂ ಹಿಡಿಯಲಿ. ಬಿಡದಿದ್ದರೆ ಕತ್ತರಿಸಿ. ದೇವರ ಕೆಲಸಕ್ಕೆ ದೇವರಿಗೆ ಬೇರೆ ದಾರಿಗಳಿವೆ, ಮಗುವಿನ ತಲೆ ಬೇಕಿಲ್ಲ.

• ಕಾಯಿಲೆ ಬಿದ್ದು ಮಲಗಿದವರ, ಬಾಣಂತಿಯರ, ವಯಸ್ಸಾದ ಅಜ್ಜಿಯರ ತಲೆಯನ್ನು ಎರಡು ದಿನಕ್ಕೊಮ್ಮೆಯಾದರೂ ಯಾರಾದರೂ ಬಾಚಿ ಸಡಿಲವಾಗಿ ಹೆರಳು ಹಾಕಿ. ಜಡಿ ಶುರುವಾಗುವುದು ಹೆಚ್ಚಾಗಿ ಹೀಗೆ ಮಲಗಿದ ತಲೆಗಳಲ್ಲೇ, ದಿಂಬಿಗೆ ಉಜ್ಜುವ ಹಿಂಭಾಗದಲ್ಲಿ.

ಕಟ್ಟುವುದರಲ್ಲೂ ನಾವು ಕಡಿಮೆ ಕ್ರೂರಿಗಳಲ್ಲ.

• ಶಾಲೆಗೆ ಹೋಗುವ ಹುಡುಗಿಯ ಹೆರಳನ್ನು ಹುಬ್ಬು ಮೇಲೇರುವಷ್ಟು ಬಿಗಿಯಬೇಡಿ. ಸಂಜೆಯವರೆಗೆ ಬಿಚ್ಚಬಾರದು ಅನ್ನುವುದು ನಿಮ್ಮ ಆಸೆ, ಸರಿ. ದಿನಾ ಹೀಗೆ ಎಳೆದರೆ ಹಣೆಯ ಎರಡೂ ಮೂಲೆಯಲ್ಲಿ, ಕಿವಿಯ ಮುಂದೆ ಕೂದಲು ತೆಳುವಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಎಳೆದರೆ ಆ ಜಾಗದಲ್ಲಿ ಮತ್ತೆ ಬರುವುದೇ ಇಲ್ಲ.

• ಬೈತಲೆಯನ್ನು ಆಗಾಗ ಬದಲಿಸಿ. ಇಪ್ಪತ್ತು ವರ್ಷ ಒಂದೇ ಗೆರೆಯಲ್ಲಿ ತೆಗೆದ ಬೈತಲೆ ಅಗಲವಾಗಿರುವುದನ್ನು ನಿಮ್ಮ ಓಣಿಯಲ್ಲೇ ನೋಡಬಹುದು. ಕುಂಕುಮ ಬೇರೆ ಗೆರೆಗೆ ಹಚ್ಚಿದರೆ ಗಂಡನಿಗೇನೂ ಆಗುವುದಿಲ್ಲ.

• ಹಣದ ಕಟ್ಟಿಗೆ ಹಾಕುವ ಬರಿ ರಬ್ಬರು ಕೂದಲಿಗೆ ಬೇಡ. ರಿಬ್ಬನ್ನೋ ಬಟ್ಟೆ ಸುತ್ತಿದ ಬ್ಯಾಂಡೋ ಹಾಕಿ. ಯಾವಾಗಲೋ ಹಾಕಿದ ರಬ್ಬರು ಸಿಕ್ಕಿಕೊಂಡಿದ್ದರೆ ಎಳೆಯದೆ ಕತ್ತರಿಯಿಂದ ಕತ್ತರಿಸಿ, ರಬ್ಬರಿನ ಬೆಲೆ ಎಷ್ಟು ಹೇಳಿ.

• ಮದುವೆಯಲ್ಲಿ ಚವರಿ, ಮೊಗ್ಗಿನ ಜಡೆ, ಮಲ್ಲಿಗೆ ದಂಡೆ ಎಲ್ಲ ಹಾಕಿಕೊಳ್ಳಿ, ಒಂದು ದಿನದ ಸಂಭ್ರಮ. ಆದರೆ ರಾತ್ರಿ ಎಷ್ಟೇ ದಣಿವಾದರೂ ಪಿನ್ನು ಬಿಚ್ಚದೆ ಮಲಗಬೇಡಿ. ಸ್ಪ್ರೇ ಹೊಡೆದು ಹಿಮ್ಮುಖ ಬಾಚಿದ ಕೂದಲನ್ನು ಹಾಗೇ ಒಣದಾಗಿ ಬಿಡಿಸಬೇಡಿ, ಎಣ್ಣೆ ಹಚ್ಚಿ ಬಿಡಿಸಿ.

• ರಾತ್ರಿ ಸಡಿಲವಾದ ಒಂದು ಹೆರಳು ಹಾಕಿ ಮಲಗಿ. ಬಿಟ್ಟ ಕೂದಲು ದಿಂಬಿಗೆ ಉಜ್ಜುತ್ತದೆ, ಬಿಗಿದ ತುರುಬು ಬುಡ ಎಳೆಯುತ್ತದೆ.

• ರಾಶಿ ಮಷೀನು, ಹಿಟ್ಟಿನ ಗಿರಣಿ, ಕಬ್ಬಿನ ಹಾಲಿನ ಗಾಣ, ಹೊಲಿಗೆ ಯಂತ್ರ, ಇವುಗಳ ಹತ್ತಿರ ಹೋಗುವಾಗ ಹೆರಳನ್ನು ತುರುಬು ಕಟ್ಟಿ, ಮೇಲೆ ಬಟ್ಟೆ ಕಟ್ಟಿ, ಸೆರಗು ಸಿಕ್ಕಿಸಿ. ಇದು ಕೂದಲು ಉಳಿಸುವ ಮಾತಲ್ಲ, ಜೀವ ಉಳಿಸುವ ಮಾತು. ಗಾಡಿಯ ಹಿಂದೆ ಕೂರುವಾಗಲೂ ಅಷ್ಟೇ.

• ಹತ್ತಿ ಬಿಡಿಸಲು, ತೊಗರಿ ರಾಶಿಗೆ, ಭತ್ತದ ಕಣಕ್ಕೆ ಹೋಗುವವರು ತಲೆಗೆ ಹತ್ತಿ ಬಟ್ಟೆ ಕಟ್ಟಿಕೊಳ್ಳಿ. ನಾಟಿ ದಿನಗಳಲ್ಲಿ ಮಳೆಗೆ ನೆನೆದ ತುರುಬನ್ನು ಪ್ಲಾಸ್ಟಿಕ್ ಹಾಳೆಯ ಕೆಳಗೆ ಸಂಜೆಯವರೆಗೆ ಬೇಯಿಸಬೇಡಿ. ಬುತ್ತಿ ಬಿಚ್ಚುವ ಹೊತ್ತಿಗೆ ತುರುಬನ್ನೂ ಬಿಚ್ಚಿ ಗಾಳಿಯಾಡಿಸಿ, ಇಲ್ಲದಿದ್ದರೆ ನಾತ, ಹೊಟ್ಟು, ತುರಿಕೆ ಮೂರೂ ಬರುತ್ತವೆ.

• ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ತಂಗಿಯರೇ, ಸಿಮೆಂಟಿನ ಧೂಳು ಕೂದಲಿಗೂ ಚರ್ಮಕ್ಕೂ ಕೇಡು. ಕೆಲಸ ಮುಗಿದೊಡನೆ ಮೊದಲು ಒಣ ಬಟ್ಟೆಯಿಂದ ಝಾಡಿಸಿ, ಆಮೇಲೆ ನೀರು ಹಾಕಿ. ಬುಟ್ಟಿ ಹೊರುವಾಗ ಸಿಂಬಿ ದಪ್ಪಗಿರಲಿ, ನೆತ್ತಿಯ ಕೂದಲು ಮೊದಲು ಸವೆಯುವುದು ಅಲ್ಲಿ.

• ಬೇಸಿಗೆ ರಜೆಗೆ ಬರುವ ಪಟ್ಟಣದ ಹುಡುಗಿಯರು ಮಸ್ಕಿಯಲ್ಲಿ ಅಶೋಕನ ಶಾಸನ ನೋಡುತ್ತೇವೆ, ಮಲ್ಲಿಕಾರ್ಜುನನ ಬೆಟ್ಟ ಹತ್ತುತ್ತೇವೆ ಅಂತ ಕೂದಲು ಬಿಟ್ಟುಕೊಂಡು ಹೊರಡುತ್ತಾರೆ. ಫೋಟೋಕ್ಕೆ ಎರಡು ನಿಮಿಷ ಬಿಡಿ, ಉಳಿದ ಹೊತ್ತು ಕಟ್ಟಿ. 'ಅಶೋಕ' ಎಂಬ ಹೆಸರೇ ಬರೆದಿರುವ ಶಾಸನ ಅದು, 1915ರಲ್ಲಿ ಬೆಳಕಿಗೆ ಬಂತು. ಎರಡು ಸಾವಿರ ವರ್ಷದಿಂದ ಅಲ್ಲೇ ಇದೆ, ನೀವು ಕೂದಲು ಕಟ್ಟಿಕೊಳ್ಳುವವರೆಗೆ ಎಲ್ಲಿಗೂ ಹೋಗುವುದಿಲ್ಲ.

ಹೇನಿನ ಮಾತು ಬಿಡುವ ಹಾಗಿಲ್ಲ. ನಾಚಿಕೆ ಪಡುವವರು ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ಅದು ಓಣಿಗೆಲ್ಲ ಹಂಚಿಕೆಯಾಗುತ್ತದೆ.

• ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಯಾವ ಕಾರಣಕ್ಕೂ ತಲೆಗೆ ಹಚ್ಚಬೇಡಿ, ಒಂದು ಹನಿಯೂ ಬೇಡ. ನೆತ್ತಿಯ ಚರ್ಮದಿಂದ ವಿಷ ಮೈಗಿಳಿಯುತ್ತದೆ, ಮಕ್ಕಳ ಪ್ರಾಣಕ್ಕೇ ಸಂಚಕಾರ. ಸೀಮೆಎಣ್ಣೆಯೂ ಬೇಡ, ಒಲೆಯ ಮುಂದೆ ಕೂರುವ ಮನೆಯಲ್ಲಿ ಅದೆಂಥ ಹುಚ್ಚು. ಔಷಧಿ ಅಂಗಡಿಯಲ್ಲಿ ಪರ್ಮೆಥ್ರಿನ್ ಅನ್ನುವ ಹೇನಿನ ಔಷಧಿ ಸಿಗುತ್ತದೆ. ಡಬ್ಬಿಯ ಮೇಲೆ ಬರೆದಂತೆ ಹಚ್ಚಿ, ಏಳರಿಂದ ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಚ್ಚಿ. ಮೊದಲ ಸಲ ಬದುಕುಳಿದ ಸೀರುಗಳು ಅಷ್ಟರಲ್ಲಿ ಒಡೆದಿರುತ್ತವೆ. ಎರಡನೇ ಸಲ ಮರೆಯುವುದರಿಂದಲೇ 'ಔಷಧಿ ಕೆಲಸ ಮಾಡಲಿಲ್ಲ' ಅನ್ನುವ ಮಾತು ಬರುವುದು.

• ಮನೆಮಂದಿಯೆಲ್ಲ ಒಂದೇ ದಿನ ನೋಡಿಸಿಕೊಳ್ಳಿ. ಮಗಳದ್ದು ತೆಗೆದು ಅಜ್ಜಿಯದ್ದು ಬಿಟ್ಟರೆ ಮುಂದಿನ ವಾರ ಮತ್ತೆ ಅದೇ ಕಥೆ.

ಸರಿ, ಎಣ್ಣೆಗೆ ಬರೋಣ, ಕಾಯುತ್ತಿದ್ದೀರಿ.

• ಎಣ್ಣೆಯನ್ನು ಎರೆದುಕೊಳ್ಳುವ ಮುಂಚೆ ಹಚ್ಚಿ, ಒಂದೆರಡು ತಾಸಿನ ಮುಂಚೆ ಅಥವಾ ಹಿಂದಿನ ರಾತ್ರಿ. ಕೊಬ್ಬರಿ ಎಣ್ಣೆ ಕೂದಲೊಳಗೆ ಇಳಿದು, ನೀರು ಕುಡಿದು ಊದುವುದನ್ನು ತಡೆಯುತ್ತದೆ. ನೆತ್ತಿಗೆ ಸ್ವಲ್ಪ, ಹೆರಳಿನ ಕೆಳಭಾಗಕ್ಕೆ ಹೆಚ್ಚು. ನೀವು ಮಾಡುವುದು ಇದರ ಉಲ್ಟಾ.

• ಸುರಿಯುವಷ್ಟು ಬೇಡ. ಎಣ್ಣೆ ಹಣೆಗಿಳಿದು ರವಿಕೆ ಕಲೆಯಾಗುವಷ್ಟು ಹಚ್ಚಿಕೊಂಡು ನಮ್ಮ ರಸ್ತೆಯ ಧೂಳಿನಲ್ಲಿ ಓಡಾಡಿದರೆ ಅರ್ಧ ಮಣ್ಣು ಮನೆಗೆ ಬರುತ್ತದೆ. ಅದನ್ನು ತೊಳೆಯಲು ಮತ್ತೆರಡು ಚೀಟಿ ಶಾಂಪೂ. ಎರಡು ಚಮಚ ಸಾಕು.

• ಔಡಲ ಎಣ್ಣೆ ತಂಪು, ನಿಜ, ಆದರೆ ಅಂಟು. ಮೂರು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಬೆರೆಸಿ. ಬರೀ ಔಡಲ ಎಣ್ಣೆ ಹಚ್ಚಿ ಬಿಸಿನೀರು ಹಾಕಿ ತಿಕ್ಕಿದರೆ ಉದ್ದ ಕೂದಲು ಬಿಡಿಸಲಾಗದಂತೆ ಹೆಣೆದುಕೊಳ್ಳುವುದುಂಟು.

• ಬಿಡಿಯಾಗಿ ತಂದ ಕೊಬ್ಬರಿ ಎಣ್ಣೆಯನ್ನು ಚಳಿಗಾಲದ ಬೆಳಗಿನಲ್ಲಿ ನೋಡಿ. ಒಳ್ಳೆಯದಾದರೆ 24 ಡಿಗ್ರಿಗಿಂತ ತಂಪಾದಾಗ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಸಂಕ್ರಾಂತಿಯ ಚಳಿಯಲ್ಲೂ ನೀರಾಗಿಯೇ ಇದ್ದರೆ ಅದರಲ್ಲಿ ಬೇರೇನೋ ಬೆರೆತಿದೆ, ಅಂಗಡಿ ಬದಲಿಸಿ. ಹೆಪ್ಪುಗಟ್ಟಿದ್ದನ್ನು ಒಲೆಯ ಮೇಲಿಡದೆ ಬಾಟಲಿಯನ್ನು ಬಿಸಿನೀರಿನ ಚೆಂಬಿನಲ್ಲಿ ನಿಲ್ಲಿಸಿ.

• ಹೊಟ್ಟು ಇರುವವರು ರಾತ್ರಿಯಿಡೀ ಎಣ್ಣೆ ಬಿಡಬೇಡಿ. ಹೊಟ್ಟು ಒಣಗಿದ್ದರಿಂದ ಬರುವುದು ಅಂದುಕೊಂಡು ಎಣ್ಣೆ ಸುರಿಯುತ್ತೇವೆ, ಹೊಟ್ಟು ತರುವ ಬೂಷ್ಟು ಎಣ್ಣೆಯನ್ನೇ ತಿಂದು ಹೆಚ್ಚುತ್ತದೆ. ಕೀಟೊಕೊನಜೋಲ್ ಇರುವ ಶಾಂಪೂ ವಾರಕ್ಕೆರಡು ಸಲ, ಐದು ನಿಮಿಷ ಬಿಟ್ಟು ತೊಳೆದರೆ ತಿಂಗಳೊಳಗೆ ಹಿಡಿತಕ್ಕೆ ಬರುತ್ತದೆ.

• ಸಾವಿರ ರೂಪಾಯಿಯ ಎಣ್ಣೆಯನ್ನು ಮೊಬೈಲಿನಲ್ಲಿ ನೋಡಿ ತರಿಸಬೇಡಿ. ಮೊಣಕಾಲುದ್ದ ಕೂದಲಿನವರು ಬಾಟಲಿ ಹಿಡಿದು ನಗುತ್ತಿರುತ್ತಾರೆ, ಅವರ ಕೂದಲು ಬಾಟಲಿಗಿಂತ ಮೊದಲೇ ಇತ್ತು.

ಬಣ್ಣ, ಇಸ್ತ್ರಿ, ನೇರ ಮಾಡಿಸುವುದು: ಬೇಡ ಅಂದರೆ ಕೇಳುವ ವಯಸ್ಸಲ್ಲ ನಿಮ್ಮದು. ಮಾಡಿಸುವುದಾದರೆ ಇಷ್ಟು ಪಾಲಿಸಿ.

• ಕೂದಲಿನ ಇಸ್ತ್ರಿ ಪೆಟ್ಟಿಗೆ 200 ಡಿಗ್ರಿಯವರೆಗೆ ಕಾಯುತ್ತದೆ. ಒದ್ದೆ ಕೂದಲಿಗೆ ಇಟ್ಟು 'ಚುಂಯ್' ಅನ್ನಿಸಬೇಡಿ, ಒಳಗಿನ ನೀರು ಕುದಿದು ಕೂದಲೇ ಒಡೆಯುತ್ತದೆ. ಹಬ್ಬಕ್ಕೊಮ್ಮೆ ಸಾಕು.

• ಕಪ್ಪು ಬಣ್ಣ, 'ಕಪ್ಪು ಮೆಹಂದಿ' ಅಂತ ಬರುವ ಪುಡಿ, ಇವನ್ನು ಹಚ್ಚುವ ಎರಡು ದಿನ ಮುಂಚೆ ಕಿವಿಯ ಹಿಂದೆ ಒಂದು ಬೊಟ್ಟು ಹಚ್ಚಿ ನೋಡಿ. ತುರಿಕೆ, ಊತ ಬಂದರೆ ಆ ಬಣ್ಣ ನಿಮಗಾಗುವುದಿಲ್ಲ. ನಿಜವಾದ ಮದರಂಗಿ ಕಪ್ಪಾಗುವುದಿಲ್ಲ, ಕೆಂಪಾಗುತ್ತದೆ. ಅದೂ ಕೂದಲು ಒಣಗಿಸುತ್ತದೆ, ಕಲಸುವಾಗ ಒಂದು ಚಮಚ ಎಣ್ಣೆ ಸೇರಿಸಿ.

• ಮೂರು ತಿಂಗಳಿಗೊಮ್ಮೆ ತುದಿಯನ್ನು ಸ್ವಲ್ಪವೇ ಕತ್ತರಿಸಿ. ಸೀಳಿದ ತುದಿ ಮೇಲಕ್ಕೆ ಸೀಳುತ್ತಾ ಹೋಗುತ್ತದೆ. ಅಮಾವಾಸ್ಯೆ, ಮಂಗಳವಾರ ಬೇಡ ಅನ್ನುವವರು ಬುಧವಾರ ಕತ್ತರಿಸಿ, ನಮ್ಮದೇನೂ ತಕರಾರಿಲ್ಲ.

ಹಚ್ಚುವ, ಮಾಡಿಸುವ ಮಾತು ಮುಗಿಯಿತು. ಇನ್ನು ಊಟ, ಕಾಯಿಲೆ, ಉಳಿದ ಮಾತುಗಳು.

• ಹೊಟ್ಟೆಗೆ ತಿನ್ನದೆ ತಲೆಗೆ ಹಚ್ಚಿದರೆ ಕೂದಲು ಬರುವುದಿಲ್ಲ. ನಮ್ಮ ಊಟದಲ್ಲೇ ಎಲ್ಲ ಇದೆ, ಜೋಳದ ರೊಟ್ಟಿ, ಹೆಸರು-ಮಡಕಿ ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ. ತೊಂದರೆ ಏನೆಂದರೆ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಎದ್ದುಬಿಡುತ್ತೀರಿ. ನಿಮ್ಮ ಪಾಲಿನ ಕಾಳನ್ನು ಮೊದಲೇ ತೆಗೆದಿಡಿ.

• ಊಟದ ಜೊತೆಗೆ, ಊಟವಾದ ಕೂಡಲೇ ಚಹಾ ಬೇಡ, ಒಂದು ತಾಸು ಬಿಡಿ. ಸೊಪ್ಪು-ಕಾಳಿನ ಕಬ್ಬಿಣಾಂಶವನ್ನು ಚಹಾ ಮೈಗೆ ಹತ್ತಗೊಡುವುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡು ತಿನ್ನಿ, ಅದು ಹತ್ತಿಸುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಹುಡುಗಿಯರು ಕಿಟಕಿಯಾಚೆ ಎಸೆಯುತ್ತಾರೆ ಅಂತ ನನಗೆ ಗೊತ್ತು. ಊಟದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ.

• ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಕೂದಲು ಹಿಡಿಹಿಡಿ ಬರುತ್ತದೆ. ಮಗು ಮುಖ ನೋಡಿ ನಗಲು ಶುರುಮಾಡಿದರೆ ತಾಯಿಯ ಕೂದಲು ಉದುರುತ್ತದೆ ಅಂತ ಹಿರಿಯರು ಹೇಳುವುದು ಅದೇ ಹೊತ್ತಿಗೆ. ಮಗುವಿನ ತಪ್ಪಲ್ಲ, ಬಸಿರಿನಲ್ಲಿ ಉದುರದೆ ನಿಂತಿದ್ದದ್ದು ಈಗ ಉದುರುತ್ತಿದೆ. ಟೈಫಾಯಿಡ್, ಡೆಂಗಿಯಂಥ ಜ್ವರ ಬಂದು ಎರಡು ಮೂರು ತಿಂಗಳ ಮೇಲೂ ಹೀಗೇ. ಬಹುಮಂದಿಗೆ ಆರೇಳು ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ.

• ಬಾಚಿ ಬಂದ ಕೂದಲನ್ನು ಗಾಳಿಗೆ ಬಿಡಬೇಡಿ, ಅನ್ನದಲ್ಲಿ ಸಿಗುತ್ತದೆ. ಗೋಡೆಯ ಸಂದಿಗೆ ಸಿಕ್ಕಿಸುವ ಬದಲು ಒಂದು ಚೀಲದಲ್ಲಿ ಒಣಗಿಸಿ ಕೂಡಿಡಿ. ಕೂದಲಿಗೆ ಪಾತ್ರೆ, ಪಿನ್ನು ಕೊಡುವವರು ಓಣಿಗೆ ಬರುತ್ತಾರಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬಿಡಿಸಿ, ತೊಳೆದು, ಉದ್ದ ನೋಡಿ ವಿಂಗಡಿಸಿ ಹೊರದೇಶಕ್ಕೆ ಕಳಿಸುವ ದೊಡ್ಡ ಕಸುಬೇ ನಡೆಯುತ್ತದೆ, ನೂರಾರು ಹೆಣ್ಣುಮಕ್ಕಳ ಕೈಗೆ ಕೆಲಸ. ಉದ್ದ ಕೂದಲಿಗೆ ಬೆಲೆ, ತುಂಡಿಗೆ ಇಲ್ಲ. ಚೀಲದಲ್ಲಿ ಬರೀ ತುಂಡುಗಳೇ ಇದ್ದರೆ ನಿಮ್ಮ ಬಾಚುವ ಕೈ ಹೇಗಿದೆ ಅಂತ ಆ ವ್ಯಾಪಾರಿಗೂ ಗೊತ್ತಾಗುತ್ತದೆ. ಚೌಕಾಸಿ ಮಾಡಿ, ಮೊದಲು ತೋರಿಸಿದ ಬಟ್ಟಲಿಗೇ ಒಪ್ಪಬೇಡಿ.

• ಗಂಡಸರಿಗೆ ಎರಡೇ ಮಾತು. ಹೆಲ್ಮೆಟ್ಟಾಗಲಿ, ಹಟ್ಟಿ ಗಣಿಯ ಟೊಪ್ಪಿಗೆಯಾಗಲಿ, ಒಳಗೊಂದು ತೆಳು ಹತ್ತಿ ಬಟ್ಟೆ ಕಟ್ಟಿ, ಎರಡು ದಿನಕ್ಕೊಮ್ಮೆ ಅದನ್ನು ಒಗೆಯಿರಿ. ಹೆಲ್ಮೆಟ್ಟಿನಿಂದ ಕೂದಲು ಹೋಗುತ್ತದೆ ಅಂತ ಅದನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಸಿಂಧನೂರು ರಸ್ತೆಯಲ್ಲಿ ಹೋಗಬೇಡಿ. ಅಪ್ಪನಿಂದ ಬಂದ ಬೋಳುತಲೆಗೆ ಹೆಲ್ಮೆಟ್ಟನ್ನು ದೂರುವುದು ಸರಿಯಲ್ಲ.

• ಡಾಕ್ಟರಿಗೆ ತೋರಿಸಬೇಕಾದದ್ದು ಇವು: ನಾಣ್ಯದಷ್ಟು ದುಂಡಗೆ ಒಂದೇ ಕಡೆ ಬೋಳಾದರೆ, ಮಕ್ಕಳ ತಲೆಯಲ್ಲಿ ಹೊಪ್ಪಳೆ ಎದ್ದು ಕೂದಲು ಬುಡದಲ್ಲೇ ತುಂಡಾಗುತ್ತಿದ್ದರೆ, ಕೀವು ಬಂದರೆ, ಕೂದಲಿನ ಜೊತೆಗೆ ಸುಸ್ತು, ಮುಟ್ಟಿನ ಏರುಪೇರು, ಮೈ ಊತ ಇದ್ದರೆ. ಮಕ್ಕಳ ತಲೆಯ ಹುಳುಕಡ್ಡಿಗೆ ಮುಲಾಮು ಸಾಲುವುದಿಲ್ಲ, ವಾರಗಟ್ಟಲೆ ಗುಳಿಗೆ ಬೇಕು. ಸಿಂಧನೂರು, ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಲ್ಲಿಂದ ಬೇಕಾದರೆ ರಾಯಚೂರಿನ ರಿಮ್ಸ್‌ಗೆ ಬರೆದುಕೊಡುತ್ತಾರೆ.

• ಆಸ್ಪತ್ರೆಗೆ ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಬಣ್ಣವನ್ನೂ ಬಳಿಯಬೇಡಿ, ನೆತ್ತಿ ಕಾಣದಿದ್ದರೆ ಡಾಕ್ಟರು ಏನು ನೋಡಬೇಕು? ಹಿಂದೆ ಬಂದ ಜ್ವರದ ಚೀಟಿ, ಈಗ ನುಂಗುತ್ತಿರುವ ಗುಳಿಗೆ, ತಲೆಗೆ ಹಚ್ಚುತ್ತಿರುವ ಎಣ್ಣೆಯ ಬಾಟಲಿ ಎಲ್ಲ ಚೀಲದಲ್ಲಿ ಹಾಕಿಕೊಳ್ಳಿ. ಮೊಬೈಲಿನಲ್ಲಿ ತರಿಸಿದ ಆ ಬಾಟಲಿಯೂ ಇದ್ದರೆ ಮುಚ್ಚಿಡದೆ ತೋರಿಸಿ, ಅವರು ಬೈದರೆ ಬೈಸಿಕೊಳ್ಳಿ.